ಕಾಯಿ ಮೊದಲು, ಗರಿ ಆಮೇಲೆ ಬೀಳೋದು ಯಾಕೆ?

ಎಲ್ಲರಿಗೂ ನಮಸ್ಕಾರ. ತಿಪಟೂರಿನಲ್ಲಿ ನಿಂತು ಬೀಳುವ ವಸ್ತುಗಳ ಬಗ್ಗೆ ಮಾತಾಡೋಕೆ ತೆಂಗಿನ ಮರಕ್ಕಿಂತ ಒಳ್ಳೆ ಉದಾಹರಣೆ ಬೇಕಾ? ಕಾಯಿ ಧೊಪ್ಪನೆ ಬೀಳುತ್ತದೆ. ಒಣಗಿದ ಗರಿ ಓಲಾಡಿಕೊಂಡು ನಿಧಾನಕ್ಕೆ ಬರುತ್ತದೆ. ಆದರೆ ಎಷ್ಟೋ ಸಲ ಆ ಗರಿಯೇ ಕಾಯಿಗಿಂತ ಭಾರ, ಎಳೆದು ಬದಿಗೆ ಹಾಕಿದವರಿಗೆ ಗೊತ್ತು. ಹಾಗಾದರೆ ಭಾರದ್ದು ಬೇಗ ಬೀಳುತ್ತದೆ ಅನ್ನೋ ಮಾತು ಎಲ್ಲಿ ಉಳಿಯಿತು?

ನನ್ನ ಕೈಯಲ್ಲಿ ಒಂದು ನೋಟ್‌ಬುಕ್ ಇದೆ, ಅದರಿಂದಲೇ ಹರಿದ ಒಂದು ಹಾಳೆ ಇದೆ. ಅಕ್ಕಪಕ್ಕ ಹಿಡಿದು ಬಿಡುತ್ತೇನೆ. ನೋಡಿ, ಪುಸ್ತಕವೇ ಮೊದಲು. ಈಗ ಅದೇ ಹಾಳೆಯನ್ನು ಪುಸ್ತಕದ ಮೇಲೆ ಇಡುತ್ತೇನೆ, ಅಂಟಿಸಿಲ್ಲ, ಸುಮ್ನೆ ಇಟ್ಟಿದ್ದೇನೆ, ಅಂಚು ಎಲ್ಲೂ ಹೊರಗೆ ಚಾಚದ ಹಾಗೆ. ಬಿಟ್ಟೆ. ಎರಡೂ ಒಟ್ಟಿಗೇ ಬಂದವು, ಅಲ್ವಾ? ಹಾಳೆಯ ತೂಕ ಹೆಚ್ಚಲಿಲ್ಲ. ಕೆಳಗಿನ ಗಾಳಿಯನ್ನು ಪುಸ್ತಕವೇ ತಳ್ಳಿತು, ಹಾಳೆಗೆ ಆ ಕೆಲಸ ತಪ್ಪಿತು. ಪುಸ್ತಕವೇ ಹಾಳೆಯನ್ನು ಎಳೆದುಕೊಂಡು ಬಂತು ಅಂತ ಅನುಮಾನ ಇದ್ದರೆ, ಹಾಳೆಯನ್ನು ಗಟ್ಟಿಯಾಗಿ ಉಂಡೆ ಮಾಡಿ ಬಿಟ್ಟು ನೋಡಿ.

ಭೂಮಿ ಭಾರದ ವಸ್ತುವನ್ನು ಜಾಸ್ತಿ ಎಳೆಯುತ್ತದೆ, ಅದು ನಿಜವೇ. ಆದರೆ ಭಾರದ್ದನ್ನು ಕದಲಿಸೋಕೂ ಅಷ್ಟೇ ಜಾಸ್ತಿ ಬಲ ಬೇಕು. ಎರಡೂ ಸರಿಹೋಗಿ ಎಲ್ಲದಕ್ಕೂ ಒಂದೇ ಲೆಕ್ಕ: ಗಾಳಿಯ ತಡೆ ಇಲ್ಲದಿದ್ದರೆ ಪ್ರತಿ ಸೆಕೆಂಡಿಗೂ ವೇಗ ಸೆಕೆಂಡಿಗೆ 9.8 ಮೀಟರ್‌ನಷ್ಟು ಏರುತ್ತದೆ. 1971ರಲ್ಲಿ ಅಪೊಲೊ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ಒಂದು ಸುತ್ತಿಗೆ, ಒಂದು ಪುಕ್ಕ ಒಟ್ಟಿಗೆ ಬಿಟ್ಟರು. ಅಲ್ಲಿ ಗಾಳಿ ಇಲ್ಲ. ಎರಡೂ ಒಟ್ಟಿಗೇ ನೆಲ ಮುಟ್ಟಿದವು.

ಮಕ್ಕಳಿಗೆ ‘ಎಲ್ಲವೂ ಒಂದೇ ವೇಗದಲ್ಲಿ ಬೀಳುತ್ತವೆ’ ಅಂತ ಬರೆಸಿ ಗಾಳಿಯ ಮಾತನ್ನೇ ಬಿಟ್ಟುಬಿಟ್ಟರೆ, ತೋಟದಲ್ಲಿ ಬೇರೆಯೇ ಕಾಣುವ ಮಗು ವಿಜ್ಞಾನ ಬರೀ ಪರೀಕ್ಷೆಗೆ ಅಂದುಕೊಂಡುಬಿಡುತ್ತದೆ. ಇದು ನನಗೆ ನಿಜಕ್ಕೂ ಬೇಸರದ ವಿಷಯ. ಮಗು ಕಂಡಿದ್ದೂ ಸರಿ, ಪುಸ್ತಕವೂ ಸರಿ, ನಡುವೆ ಗಾಳಿ ಇದೆ ಅಂತ ಹೇಳಬೇಕು.

ಈ ಗಾಳಿಯ ತಡೆ ವೇಗದ ಜೊತೆ ಬೆಳೆಯುತ್ತದೆ. ವೇಗ ಎರಡು ಪಟ್ಟಾದರೆ ತಡೆ ಹೆಚ್ಚುಕಡಿಮೆ ನಾಲ್ಕು ಪಟ್ಟು. ಹಾಗಾಗಿ ಬೀಳುತ್ತಾ ಬೀಳುತ್ತಾ ಒಂದು ಹಂತದಲ್ಲಿ ತಡೆ, ಎಳೆತ ಎರಡೂ ಸಮ ಆಗಿ ವೇಗ ಏರೋದು ನಿಲ್ಲುತ್ತದೆ. ಅದೇ ಅಂತಿಮ ವೇಗ. ಅಗಲವಾಗಿ ಹರಡಿಕೊಂಡ ಗರಿ ಆ ಹಂತಕ್ಕೆ ಬೇಗ ಬರುತ್ತದೆ. 20 ಮೀಟರ್ ಮೇಲಿಂದ ಬಿದ್ದ ಕಾಯಿಗೆ ಅಷ್ಟು ಪುರುಸೊತ್ತೇ ಇಲ್ಲ, ಸುಮಾರು 2 ಸೆಕೆಂಡಿನಲ್ಲಿ ಗಂಟೆಗೆ 70 ಕಿಲೋಮೀಟರ್ ಹತ್ತಿರದ ವೇಗದಲ್ಲಿ ನೆಲಕ್ಕೆ ಬಂದಿರುತ್ತದೆ. ಹಾಗಾಗಿ ಗೊನೆ ಬಲಿತ ಮರದ ಕೆಳಗೆ ಮಕ್ಕಳನ್ನು ಕೂರಿಸಬೇಡಿ.

ಇನ್ನೊಂದು ಪ್ರಶ್ನೆ. ಕೊಬ್ಬರಿಗೆ ಅಂತ ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿ ನೀರು ಬತ್ತಿದ ಕಾಯಿ, ಅದೇ ಗಾತ್ರದ ಹಸಿ ಕಾಯಿ, ಎರಡನ್ನೂ ಅಟ್ಟದಿಂದ ಬಿಟ್ಟರೆ? ಕಣ್ಣಿಗೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಅವನ್ನೇ ಕಿಲೋಮೀಟರ್ ಎತ್ತರದಿಂದ ಬಿಟ್ಟರೆ ಹಸಿ ಕಾಯಿ ಖಂಡಿತ ಮುಂದೆ. ಒಂದೇ ವೇಗದಲ್ಲಿ ಇಬ್ಬರಿಗೂ ಗಾಳಿಯ ತಡೆ ಒಂದೇ, ಆದರೆ ಹಗುರದ್ದಕ್ಕೆ ಅದು ಬೇಗ ಸಾಕಾಗುತ್ತದೆ. ಭಾರದ್ದು ಬೇಗ ಬೀಳುತ್ತದೆ ಅನ್ನೋ ಹಿರಿಯರ ಮಾತಿಗೂ ಇಷ್ಟು ಆಧಾರ ಇದೆ. ಎಷ್ಟು ತೂಕ ಅನ್ನೋದಷ್ಟೇ ಅಲ್ಲ, ಆ ತೂಕ ಎಷ್ಟು ಅಗಲಕ್ಕೆ ಹರಡಿದೆ ಅನ್ನೋದನ್ನೂ ನೋಡಬೇಕು.

ಮಳೆಯನ್ನೇ ತಗೊಳ್ಳಿ. ಎರಡು ಕಿಲೋಮೀಟರ್ ಮೇಲಿಂದ ಹನಿ ಗಾಳಿಯಿಲ್ಲದೆ ಬಿದ್ದರೆ ಗಂಟೆಗೆ 700 ಕಿಲೋಮೀಟರ್ ವೇಗ ಮುಟ್ಟುತ್ತಿತ್ತು, ರಾಗಿ ಪೈರು ನೆಲಕಚ್ಚುತ್ತಿತ್ತು. ಗಾಳಿಯ ದೆಸೆಯಿಂದ ದೊಡ್ಡ ಹನಿಯೂ 30 ಕಿಲೋಮೀಟರ್ ಆಸುಪಾಸಿಗೆ ನಿಲ್ಲುತ್ತದೆ. ಆಲಿಕಲ್ಲಿನ ಕಥೆ ಬೇರೆ. ಕಲ್ಲಿನ ಅಗಲ ಎರಡು ಪಟ್ಟಾದರೆ ತೂಕ 8 ಪಟ್ಟು, ಗಾಳಿಗೆ ಎದುರಾಗುವ ಮುಖ ಮಾತ್ರ 4 ಪಟ್ಟು. ವೇಗವೂ ಏರುತ್ತದೆ, ಪೆಟ್ಟಿನ ಶಕ್ತಿ ಸುಮಾರು 16 ಪಟ್ಟಾಗುತ್ತದೆ. ಬೇಸಿಗೆ ಮಳೆಯಲ್ಲಿ ಸಣ್ಣ ಕಲ್ಲು ಬಿದ್ದ ತೋಟದಲ್ಲಿ ಮಾವು ಉಳಿದು, ಸ್ವಲ್ಪವೇ ದಪ್ಪ ಕಲ್ಲು ಬಿದ್ದ ಪಕ್ಕದ ತೋಟದಲ್ಲಿ ಕಾಯೆಲ್ಲ ಉದುರಿಹೋಗೋದಕ್ಕೆ ಈ ಲೆಕ್ಕವೂ ಒಂದು ಕಾರಣ.