ಮೇಟ್ ಗುರುತಿಸಲು ಬಾರದವರಿಗೆ ಓಪನಿಂಗ್ ಏತಕ್ಕೆ?

ನಮಸ್ಕಾರ. ಹಿಂದಿನ ಸಂಚಿಕೆಯನ್ನು ನೋಡಿದವರೊಬ್ಬರು, ‘ಮೇಟ್ ಮಾದರಿಗಳನ್ನು ಉರು ಹೊಡೆಯುವುದು ಗಿಳಿಪಾಠ, ನಿಜವಾದ ಚದುರಂಗವೆಂದರೆ ಲೆಕ್ಕಾಚಾರ’ ಎಂದು ಬರೆದಿದ್ದಾರೆ. ಕಲಿಯುವ ಮಕ್ಕಳ ದಾರಿ ತಪ್ಪಿಸುವ ಮಾತಿದು. ಆದ್ದರಿಂದ ಇಂದಿನ ಸಂಚಿಕೆ ಪೂರ್ತಿ ಇದಕ್ಕೇ ಮೀಸಲು. ಮೇಟ್ ಎಂದರೆ ರಾಜನಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲದಂತೆ ಮಾಡುವ ಕೊನೆಯ ದಾಳಿ; ಮೇಟ್ ಮಾದರಿ ಎಂದರೆ ಆಗ ಕಾಯಿಗಳು ನಿಲ್ಲುವ ಪರಿಚಿತ ಜೋಡಣೆ.

ಲೆಕ್ಕ ಹಾಕಬೇಕು, ಸರಿ. ಎಲ್ಲಿಯವರೆಗೆ ಹಾಕಬೇಕು? ಕೊನೆಯ ಚಿತ್ರ ಕಣ್ಣಲ್ಲಿ ಇಲ್ಲದವರು ಎಷ್ಟೇ ನಡೆ ಮುಂದೆ ನೋಡಿದರೂ ಮೇಟ್ ಇರುವ ದಾರಿಯನ್ನೇ ಬಿಟ್ಟು ಬೇರೆಡೆ ಅಲೆಯುತ್ತಾರೆ.

ಬೋರ್ಡಿನ ಮೇಲೆ ಜೋಡಿಸಿಕೊಳ್ಳಿ (ಬಿಳಿಯ ಕಡೆಯಿಂದ ನೋಡಿದರೆ ಮನೆಗಳ ಹೆಸರು ಎಡದಿಂದ ಬಲಕ್ಕೆ ಎಯಿಂದ ಎಚ್, ಕೆಳಗಿನಿಂದ ಮೇಲಕ್ಕೆ 1ರಿಂದ 8). ಕಪ್ಪು ರಾಜ ಎಚ್8ರ ಮೂಲೆಯಲ್ಲಿ, ಜಿ7 ಮತ್ತು ಎಚ್7ರಲ್ಲಿ ಅವನದೇ ಕಾಲಾಳುಗಳು, ಡಿ8ರಲ್ಲಿ ಅವನದೇ ಆನೆ; ಬಿಳಿಯ ಕುದುರೆ ಎಚ್6ರಲ್ಲಿ, ರಾಣಿ ಸಿ4ರಲ್ಲಿ. ಬರೀ ಲೆಕ್ಕವನ್ನೇ ನಂಬಿದವರು ರಾಣಿಯನ್ನು ಜಿ8ಕ್ಕೆ ಒಯ್ಯುವ ನಡೆಯನ್ನು ನೋಡಿದ ಕೂಡಲೇ ಕೈಬಿಡುತ್ತಾರೆ, ಏಕೆಂದರೆ ಅಲ್ಲಿ ರಾಣಿ ಹೋಗುತ್ತದೆ. ಮಾದರಿ ಬಲ್ಲವರು ಅಲ್ಲಿಂದಲೇ ಆರಂಭಿಸುತ್ತಾರೆ: ಕುದುರೆಯ ಕಾವಲಿರುವುದರಿಂದ ರಾಜ ರಾಣಿಯನ್ನು ಹೊಡೆಯಲಾರ, ಆನೆಯೇ ಹೊಡೆಯಬೇಕು, ಹೊಡೆದ ಆನೆ ರಾಜನಿಗೆ ಉಳಿದಿದ್ದ ಒಂದೇ ಮನೆಯನ್ನು ಮುಚ್ಚುತ್ತದೆ, ಕುದುರೆ ಎಫ್7ಕ್ಕೆ ಹಾರಿದರೆ ಮೇಟ್. ರಾಜ ತನ್ನದೇ ಕಾಯಿಗಳ ನಡುವೆ ಉಸಿರುಕಟ್ಟಿ ಸೋಲುವ, ಸ್ಮದರ್ಡ್ ಮೇಟ್ ಎನ್ನುವ ಈ ಮಾದರಿ ಸ್ಪೇನಿನ ಲೂಸೆನಾ 1497ರಲ್ಲಿ ಅಚ್ಚು ಹಾಕಿಸಿದ ಪುಸ್ತಕದಲ್ಲೇ ಇದೆ. ಐನೂರು ವರ್ಷಗಳಿಂದ ಕಣ್ಣೆದುರಿಗಿರುವುದನ್ನು ಪ್ರತಿ ಮಗುವೂ ಗಡಿಯಾರ ಓಡುತ್ತಿರುವಾಗ ಹೊಸದಾಗಿ ಕಂಡುಹಿಡಿಯಬೇಕೇ?

‘ದೊಡ್ಡ ಆಟಗಾರರು ಹೀಗೆ ಆಡುವುದಿಲ್ಲ’ ಎನ್ನುವವರೂ ಇದ್ದಾರೆ. 1858ರಲ್ಲಿ ಪ್ಯಾರಿಸ್ಸಿನ ಒಪೆರಾ ಮಂದಿರದಲ್ಲಿ ಅಮೆರಿಕದ ಆಟಗಾರ ಮಾರ್ಫಿ ಹದಿನಾರನೆಯ ನಡೆಯಲ್ಲಿ ರಾಣಿಯನ್ನು ಬಿ8ರಲ್ಲಿ ಬಲಿಕೊಟ್ಟು, ಹದಿನೇಳನೆಯ ನಡೆಯಲ್ಲಿ ಜಿ5ರ ಒಂಟೆಯ ಬೆಂಬಲದಿಂದ ಆನೆಯನ್ನು ಡಿ8ಕ್ಕೆ ತಂದು ಮೇಟ್ ಮಾಡಿದರು. 2016ರ ನವೆಂಬರ್ 30ರಂದು ನ್ಯೂಯಾರ್ಕಿನಲ್ಲಿ, ವಿಶ್ವ ಚಾಂಪಿಯನ್‌ಶಿಪ್ಪಿನ ಕೊನೆಯ ರ‍್ಯಾಪಿಡ್ (ಕಡಿಮೆ ಸಮಯದ) ಆಟದಲ್ಲಿ, ಆಗಿನ ವಿಶ್ವ ಚಾಂಪಿಯನ್ ಕಾರ್ಲ್‌ಸನ್ ರಾಣಿಯನ್ನು ಎಚ್6ಕ್ಕೆ ಇಟ್ಟರು; ರಾಜ ಹೊಡೆದರೆ ಎಚ್8ರಲ್ಲಿ ಮೇಟ್, ಕಾಲಾಳು ಹೊಡೆದರೆ ಎಫ್7ರಲ್ಲಿ ಮೇಟ್. ಎದುರಾಳಿ ಕರ್ಯಾಕಿನ್ ಸೋಲೊಪ್ಪಿಕೊಂಡರು. ಇದಕ್ಕಿಂತ ದೊಡ್ಡ ಆಟ ಇನ್ನಾವುದು?

ಅದು ಹುಟ್ಟು ಪ್ರತಿಭೆ ಎಂದು ಜಾರಿಕೊಳ್ಳಲೂ ದಾರಿಯಿಲ್ಲ. ಮನಸ್ಸನ್ನು ಅಧ್ಯಯನ ಮಾಡುವ ಸಂಶೋಧಕರಾದ ಚೇಸ್ ಮತ್ತು ಸೈಮನ್ 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಿಜವಾದ ಆಟದ ಸ್ಥಿತಿಯನ್ನು ಐದು ಸೆಕೆಂಡು ನೋಡಿದ ಮಾಸ್ಟರ್ ಅದನ್ನು ಹೊಸಬರಿಗಿಂತ ಬಹಳ ಚೆನ್ನಾಗಿ ಮತ್ತೆ ಜೋಡಿಸಿದರು. ಕಾಯಿಗಳನ್ನು ಮನಬಂದಂತೆ ಚೆಲ್ಲಿದಾಗ ಆ ಮೇಲುಗೈ ಉಳಿಯಲೇ ಇಲ್ಲ. ಅವರ ಬಲವಿದ್ದದ್ದು ಗುರುತಿಸುವುದರಲ್ಲಿ, ಗುರುತಿಸುವುದರಲ್ಲಿ, ಮತ್ತೂ ಗುರುತಿಸುವುದರಲ್ಲಿ!

ಆದರೂ ನಮ್ಮಲ್ಲಿ ಎಂಟು ವರ್ಷದ ಮಗುವಿಗೆ ಸಿಸಿಲಿಯನ್ ಎಂಬ ಓಪನಿಂಗಿನ, ಅಂದರೆ ಆಟ ಆರಂಭಿಸುವ ಕ್ರಮದ, ಹದಿನೈದು ನಡೆ ಬಾಯಿಪಾಠ ಮಾಡಿಸುತ್ತಾರೆ. ಆ ಮಗು ತನ್ನ ರಾಜನಿಗೆ ಹಿಂದಿನ ಸಾಲಿನಲ್ಲೇ ಆನೆ ಮೇಟ್ ಕೊಡುವವರೆಗೂ ಅಪಾಯವನ್ನು ಕಾಣುವುದಿಲ್ಲ. ಗಿಳಿಪಾಠ ಎಂದರೆ ಅದು. ಅದನ್ನು ನಿಲ್ಲಿಸಿ, ಮೊದಲು ಮೇಟ್ ಕಲಿಸಿ.

ನಮ್ಮ ಮೇಟ್ ಸರಣಿ ಪ್ರತಿ ಭಾನುವಾರ ಬರುತ್ತದೆ, ಚಾನೆಲ್‌ಗೆ ಚಂದಾದಾರರಾಗಿ. ಗಿಳಿಪಾಠ ಎಂದವರಿಗೂ ಒಂದು ಪ್ರಶ್ನೆ ಇಡುತ್ತೇನೆ: ಕಪ್ಪು ರಾಜ ಎಚ್8ರಲ್ಲಿ, ಬಿಳಿಯ ಕುದುರೆ ಎಫ್6ರಲ್ಲಿ, ಆನೆ ಎ7ರಲ್ಲಿ, ನಡೆ ಬಿಳಿಯದು. ಲೆಕ್ಕ ಹಾಕದೆ ಉತ್ತರ ಬರೆಯಿರಿ.