ಕ್ಯಾಮ್ ಬದಲಾಯಿಸಿದಿರಿ, ಪಂಪಿಗೆ ಗೊತ್ತೇ?

ಎಲ್ಲರಿಗೂ ನಮಸ್ಕಾರ.

ಇವತ್ತಿನ ಮಾತು 1970ರ ಆಸುಪಾಸಿನ ಪೋರ್ಶೆ 911 ಕಾರುಗಳದ್ದು. ಅವುಗಳ ಇ ಮತ್ತು ಎಸ್ ಮಾದರಿಗಳಲ್ಲಿ ಕಾರ್ಬ್ಯುರೇಟರ್ ಇಲ್ಲ, ಕಂಪ್ಯೂಟರೂ ಇಲ್ಲ. ಪೆಟ್ರೋಲ್ ಅಳೆದು ಕೊಡುವುದು ಬಾಷ್‌ನ ಆರು ಪ್ಲಂಜರ್‌ಗಳ (ಹಿಂದೆ ಮುಂದೆ ಆಡಿ ಪೆಟ್ರೋಲ್ ತಳ್ಳುವ ಕಡ್ಡಿಗಳ) ಪಂಪ್. ಬೆಂಗಳೂರಿನ ಮೈಕೊ ಡೀಸೆಲ್ ಪಂಪ್ ಬಿಚ್ಚಿ ಜೋಡಿಸಿದವರಿಗೆ ಇದರ ಒಳಗು ಅಷ್ಟೇನೂ ಹೊಸದಲ್ಲ. ಅದೇ ಬಗೆಯ ಪ್ಲಂಜರ್, ಅದನ್ನು ತಿರುಗಿಸಿ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಅದೇ ಸರಳು, ರ‍್ಯಾಕ್.

ಹೊಸದೆಂದರೆ ಆ ರ‍್ಯಾಕನ್ನು ಆಡಿಸುವ ಸ್ಪೇಸ್ ಕ್ಯಾಮ್. ಉಬ್ಬು ತಗ್ಗುಗಳಿರುವ ಒಂದು ಉಕ್ಕಿನ ತುಂಡು. ಆಕ್ಸಲರೇಟರ್ ಒತ್ತಿದರೆ ಅದು ತಿರುಗುತ್ತದೆ. ಆರ್‌ಪಿಎಂ ಏರಿದರೆ, ತಿರುಗುವ ರಭಸಕ್ಕೆ ಹೊರಚಾಚುವ ಗವರ್ನರ್‌ನ ತೂಕಗಳು ಅದನ್ನು ಉದ್ದಕ್ಕೆ ಸರಿಸುತ್ತವೆ. ಅದರ ಮೈಮೇಲೆ ಊರಿಕೊಂಡ ಕಡ್ಡಿ ಎಷ್ಟು ಎತ್ತರದಲ್ಲಿದೆಯೋ ಅಷ್ಟು ಪೆಟ್ರೋಲ್. ಎಂಜಿನ್ ಎಷ್ಟು ಗಾಳಿ ಎಳೆಯಿತೆಂದು ಈ ಪಂಪ್ ಅಳೆಯುವುದೇ ಇಲ್ಲ. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟ್ ಕಾರ್ಖಾನೆಯದೇ ಇದ್ದಾಗ ಎಷ್ಟು ಎಳೆಯುತ್ತಿತ್ತೋ ಅದನ್ನೇ ಉಕ್ಕಿನಲ್ಲಿ ಕೆತ್ತಿಟ್ಟಿದ್ದಾರೆ.

ಈಗ 2.4 ಲೀಟರಿನ ಇ ಎಂಜಿನ್ ತೆಗೆದುಕೊಳ್ಳಿ, 165 ಅಶ್ವಶಕ್ತಿ. ಎಸ್‌ಗೆ 190. ಎರಡೂ 2341 ಸಿಸಿ. ಆಸೆಯಾಗುವುದು ಸಹಜ: ಎಸ್‌ನ ಕ್ಯಾಮ್‌ಶಾಫ್ಟ್ (ಚಿಕ್ಕದಾಗಿ ಕ್ಯಾಮ್) ಹಾಕಿಬಿಡೋಣ. (ಪಿಸ್ಟನ್ ಮಿಶ್ರಣವನ್ನು ಒತ್ತುವ ಪ್ರಮಾಣ, ಅಂದರೆ ಕಂಪ್ರೆಷನ್ನೂ ಬೇರೆ ಎಂಬುದನ್ನು ಆಸೆಪಟ್ಟವರು ಮರೆತಿರುತ್ತಾರೆ.) ಎರಡರ ಅಂತರ ಎಷ್ಟೆಂದು ಡಯಲ್ ಗೇಜ್ ತೋರಿಸುತ್ತದೆ. ಒಂದನೇ ಸಿಲಿಂಡರಿನ ಇನ್‌ಟೇಕ್ ವಾಲ್ವಿಗೆ 0.1 ಮಿ.ಮೀ. ಸಂದು ಕೊಟ್ಟು, ಓವರ್‌ಲ್ಯಾಪ್ ಟಿಡಿಸಿಯಲ್ಲಿ (ಪಿಸ್ಟನ್ ಮೇಲಿನ ತುದಿ ಮುಟ್ಟಿ, ಇನ್‌ಟೇಕ್, ಎಕ್ಸಾಸ್ಟ್ ವಾಲ್ವ್ ಎರಡೂ ತುಸು ತೆರೆದಿರುವ ಘಟ್ಟದಲ್ಲಿ) ವಾಲ್ವ್ ಎಷ್ಟು ತೆರೆದಿದೆ ನೋಡಿ. ಇ ಕ್ಯಾಮ್‌ಗೆ 2.7ರಿಂದ 3.1 ಮಿ.ಮೀ., ಎಸ್‌ಗೆ 5.0ರಿಂದ 5.4. ಹೆಚ್ಚುಕಡಿಮೆ ಎರಡು ಪಟ್ಟು!

ಇದರ ಫಲವಾಗಿ ಕೆಳಗಿನ ಆರ್‌ಪಿಎಂನಲ್ಲಿ ಉಸಿರು ಹಿಮ್ಮೆಟ್ಟುತ್ತದೆ, ಗಾಳಿ ಕಡಿಮೆ. ಪಂಪ್ ಮಾತ್ರ ಹಳೆಯ ಲೆಕ್ಕದಲ್ಲೇ ಸುರಿಯುತ್ತದೆ. ಪ್ಲಗ್ ಕಪ್ಪಾಗುತ್ತದೆ. ಮೇಲಿನ ಆರ್‌ಪಿಎಂನಲ್ಲಿ ಎಂಜಿನ್ ಹೆಚ್ಚು ಗಾಳಿ ಎಳೆಯುತ್ತದೆ, ಪೆಟ್ರೋಲ್ ಸಾಲದು. ಅಣ್ಣನ ಅಳತೆಯ ಅಂಗಿ ತಮ್ಮನಿಗೆ ತೊಡಿಸಿದಂತೆ, ತೋಳು ಉದ್ದ, ಎದೆ ಬಿಗಿ. ಮುಖ್ಯ ರ‍್ಯಾಕ್ ಸ್ಕ್ರೂ ತಿರುಗಿಸಿದರೆ ಮೇಲೂ ಕೆಳಗೂ ಒಟ್ಟಿಗೇ ಏರುತ್ತದೆ ಅಥವಾ ಇಳಿಯುತ್ತದೆ. ಐಡಲ್ ಸ್ಕ್ರೂ ಗವರ್ನರ್‌ನ ಕೆಳಭಾಗವನ್ನಷ್ಟೇ ಸರಿಪಡಿಸುತ್ತದೆ, ಅದೂ ಎಂಜಿನ್ ನಿಲ್ಲಿಸಿ ಒತ್ತಿ, ಒಂದೊಂದೇ ಕ್ಲಿಕ್ ತಿರುಗಿಸಿ. ಈ ಎರಡು ಸ್ಕ್ರೂಗಳಿಂದ ಯಾವ ಆರ್‌ಪಿಎಂಗೆ ಎಷ್ಟು ಪೆಟ್ರೋಲ್ ಎಂಬ ವಕ್ರರೇಖೆಯ ಒಟ್ಟು ಆಕಾರ ಬದಲಾಗುವುದಿಲ್ಲ. ಆದ್ದರಿಂದ ನನ್ನ ಖಚಿತ ಅಭಿಪ್ರಾಯ: ಕ್ಯಾಮ್‌ಶಾಫ್ಟಿಗೆ ಹಣ ಇಟ್ಟವರು ಸ್ಪೇಸ್ ಕ್ಯಾಮ್‌ಗೂ ಇಟ್ಟಿರಬೇಕು. ಹೊಸ ಕ್ಯಾಮಿಗೆ ಹೊಂದುವಂತೆ ಅದನ್ನು ಮಾಡಿಸಿ, ಪಂಪನ್ನು ಬೆಂಚ್ ಮೇಲೆ ಕ್ಯಾಲಿಬ್ರೇಟ್ ಮಾಡಿಸದೆ ಬೇರೆ ದಾರಿಯಿಲ್ಲ.

ಪಂಪ್ ಮುಟ್ಟುವ ಮುಂಚಿನ ಕೆಲಸ ಬೇಸರದ್ದು, ಆದರೆ ಅರ್ಧ ರೋಗ ಅಲ್ಲೇ ಇರುತ್ತದೆ. ಕಂಪ್ರೆಷನ್, ವಾಲ್ವ್ ಸಂದು, ಇಗ್ನಿಷನ್ ಟೈಮಿಂಗ್ ಮೊದಲು. ಆಮೇಲೆ ಥ್ರಾಟಲ್ ಮತ್ತು ಪಂಪಿನ ಲಿವರ್ ಜೊತೆಜೊತೆಗೆ ತಿರುಗುತ್ತವೆಯೇ ಎಂದು ಎರಡಕ್ಕೂ ಕೋನಮಾಪಕ ಕಟ್ಟಿ ನೋಡಬೇಕು. ಪಂಪಿಗೆ ಹಲ್ಲಿನ ಬೆಲ್ಟ್ ಬರುವುದು ಎಡಗಡೆಯ ಕ್ಯಾಮ್‌ಶಾಫ್ಟಿನಿಂದ, ಅದನ್ನೇ ಬಿಚ್ಚಿದ್ದೀರಿ. ಹಾಗಾಗಿ ಕ್ರ್ಯಾಂಕ್ ಪುಲ್ಲಿಯ ಎಫ್‌ಇ ಗುರುತಿಗೆ ಪಂಪಿನ ಗುರುತನ್ನು ಮತ್ತೆ ಕೂಡಿಸಲೇಬೇಕು. ಎತ್ತರದ ಊರಿಗೆ ತಕ್ಕಂತೆ ಪೆಟ್ರೋಲ್ ತಗ್ಗಿಸುವ ಗಾಳಿಯೊತ್ತಡದ ಡಬ್ಬಿ ಪಂಪಿನಲ್ಲೇ ಇದೆ, ಅದರ ತಂಟೆ ಬೇಡ.

ಆಮೇಲೆ ಸೈಲೆನ್ಸರಿಗೆ ಹೊಗೆಯ ಆಮ್ಲಜನಕ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ರಸ್ತೆಗಿಳಿಯಿರಿ. ಆಕ್ಸಲರೇಟರ್ ಪೂರ್ತಿ ಒತ್ತಿದಾಗ ಗಾಳಿ-ಪೆಟ್ರೋಲ್ ಅನುಪಾತ 12.5ರಿಂದ 13ರ ನಡುವೆ ಇರಲಿ. ಐಡಲ್‌ನಲ್ಲಿ ಮಾತ್ರ ಮೀಟರನ್ನು ಪೂರ್ತಿ ನಂಬಬೇಡಿ. ಎಸ್ ಕ್ಯಾಮಿನ ಓವರ್‌ಲ್ಯಾಪಿನಿಂದ ಕೆಲವು ಸಲ ಮಿಶ್ರಣ ಉರಿಯದೆ ಹೊರಬೀಳುತ್ತದೆ. ಅದರಲ್ಲಿ ಉಳಿದ ಆಮ್ಲಜನಕ ನೋಡಿ ಸೆನ್ಸರ್ ‘ಲೀನ್’, ಅಂದರೆ ಪೆಟ್ರೋಲ್ ಕಡಿಮೆ, ಅನ್ನುತ್ತದೆ. ಅದನ್ನು ನಂಬಿ ಪೆಟ್ರೋಲ್ ಏರಿಸಿದರೆ ಸ್ಥಿತಿ ಇನ್ನೂ ಕೆಡುತ್ತದೆ. ಅಲ್ಲಿ ಕಿವಿಯೇ ವಾಸಿ.

ಕೊನೆಗೆ ಡಿಪ್‌ಸ್ಟಿಕ್ ತೆಗೆದು ಮೂಸಿ. ಈ ಪಂಪಿಗೆ ಎಂಜಿನ್ ಆಯಿಲೇ ಹರಿಯುತ್ತದೆ. ಆಯಿಲ್ ಪೆಟ್ರೋಲ್ ವಾಸನೆ ಹೊಡೆದರೆ ಮಿಶ್ರಣ ವಿಪರೀತ ರಿಚ್ (ಪೆಟ್ರೋಲ್ ಹೆಚ್ಚು) ಆಗಿದೆ, ಇಲ್ಲವೇ ಪ್ಲಂಜರ್‌ಗಳು ಸವೆದಿವೆ. ಪ್ಲಂಜರ್ ಸವೆದ ಪಂಪಿಗೆ ಟ್ಯೂನಿಂಗ್ ಮಾಡುತ್ತ ಕೂರಬೇಡಿ, ಬಿಚ್ಚಿ ಕಳಿಸಿ.