ಹದಿನೈದು ನಿಮಿಷದ ವ್ಯಾಪಾರ: ಅಮೆರಿಕದಲ್ಲಿ ಮೆಡಿಕೈಡ್ ರೆಸ್ಪೈಟ್ ಏಜೆನ್ಸಿ ಶುರು ಮಾಡೋ ಮುಂಚೆ

(ಕ್ಯಾಮೆರಾ ಎದುರು. ಅಡುಗೆಮನೆಯ ಮೇಜು, ಮೇಜಿನ ಮೇಲೆ ಎರಡು ಫೈಲು, ಕಾಫಿ ಲೋಟ.)

ನಮಸ್ಕಾರ. ಬಾಣಂತನಕ್ಕೆ ಊರಿಂದ ಬಂದಿರೋ ಅಮ್ಮ, ರಾತ್ರಿ ಮೂರು ಗಂಟೆಗೆ ಅಳೋ ಮಗುನ ನಮ್ಮ ಕೈಯಿಂದ ಎತ್ಕೊಂಡು "ಹೋಗು, ನೀನೊಂದು ಗಳಿಗೆ ಮಲ್ಕೋ" ಅಂತಾರಲ್ಲ? ಆ ಒಂದು ಗಳಿಗೆಗೆ ಇಲ್ಲಿ ರೆಸ್ಪೈಟ್ ಅಂತ ಹೆಸರು. ಈಗ ಆ ಮಗುಗೆ ಹನ್ನೊಂದು ವರ್ಷ ಅಂದ್ಕೊಳ್ಳಿ. ನಡೆಯೋಕೆ ಬರಲ್ಲ, ಊಟ ಹೊಟ್ಟೆಗೆ ಹಾಕಿರೋ ಕೊಳವೆಯಲ್ಲಿ, ಫಿಟ್ಸ್ ಯಾವಾಗ ಬರುತ್ತೋ ಗೊತ್ತಿಲ್ಲ. ಅಮ್ಮ ಊರಿಗೆ ವಾಪಸ್ ಹೋಗಿ ಹತ್ತು ವರ್ಷ ಆಯ್ತು. ಈಗ "ನೀನು ಮಲ್ಕೋ" ಅನ್ನೋಕೆ ಒಬ್ಬರು ಬೇಕಲ್ಲ, ಅವರನ್ನ ಕಳಿಸೋದೇ ರೆಸ್ಪೈಟ್ ಏಜೆನ್ಸಿಯ ಕೆಲಸ. ಎಷ್ಟೋ ಸಲ ಅದರ ಬಿಲ್ಲು ಕಟ್ಟೋದು ಮೆಡಿಕೈಡ್, ಅಂದರೆ ಮುಖ್ಯವಾಗಿ ಕಡಿಮೆ ಆದಾಯದವರಿಗೆ, ಅಂಗವೈಕಲ್ಯ ಇರೋರಿಗೆ ಇರೋ ಸರ್ಕಾರಿ ಆರೋಗ್ಯ ವಿಮೆ.

"ಮೇಡಂ, ಇದರಲ್ಲಿ ಬಿಸಿನೆಸ್ ಮಾಡಬಹುದಾ?" ಅಂತ ತುಂಬಾ ಜನ ಕೇಳಿದ್ದೀರ. ನಾನು ಟೆಕ್ಸಾಸಲ್ಲಿ ಇಂಥದೊಂದು ಏಜೆನ್ಸಿಯ ಆಫೀಸಲ್ಲಿ ಕೂತು ಶೆಡ್ಯೂಲಿಂಗ್, ಬಿಲ್ಲಿಂಗ್ ಎರಡೂ ನೋಡಿದವಳು. ಅದಕ್ಕೆ ಇವತ್ತು ಟೆಕ್ಸಾಸ್ ಲೆಕ್ಕದಲ್ಲೇ ಹೇಳ್ತೀನಿ. ಬೇರೆ ರಾಜ್ಯದಲ್ಲಿ ಇರೋರಿಗೆ ಹೆಸರುಗಳು, ಇಲಾಖೆಗಳು ಬೇರೆ. ತಲೆನೋವು ಅದೇ.

(ಪರದೆಯಲ್ಲಿ: 1965, 1981)

ಮೆಡಿಕೈಡ್ ಹುಟ್ಟಿದ್ದು 1965ರಲ್ಲಿ, ಮೆಡಿಕೇರ್ ಜೊತೆಗೇ. ಎರಡನ್ನೂ ಕಲಸಿಕೊಳ್ಳಬೇಡಿ. ಮೆಡಿಕೇರ್ ವಯಸ್ಸಾದವರದ್ದು. ಅದು ಹಾಸ್ಪಿಸ್, ಅಂದರೆ ಕೊನೆಗಾಲದ ಆರೈಕೆಯಲ್ಲಿರೋ ರೋಗಿಗೆ ಒಂದು ಸಲಕ್ಕೆ ಐದು ದಿನದವರೆಗೆ ಕೊಡೋ ರೆಸ್ಪೈಟ್, ಮತ್ತೆ 2024ರಲ್ಲಿ ಡಿಮೆನ್ಷಿಯಾ ರೋಗಿಗಳಿಗೆ ಅಂತ ಶುರುವಾದ ಗೈಡ್ ಅನ್ನೋ ಪ್ರಯೋಗ, ಇವು ಬಿಟ್ಟರೆ ಹೆಚ್ಚುಕಮ್ಮಿ ಕೈ ಎತ್ತಿಬಿಡುತ್ತೆ. ನಮ್ಮ ವ್ಯಾಪಾರ ಮೆಡಿಕೈಡ್‌ದು, ಅದರಲ್ಲೂ ವೇಯ್ವರ್, ಅಂದರೆ ಮಾಮೂಲಿ ನಿಯಮಕ್ಕೆ ಕೊಡೋ ವಿನಾಯಿತಿ, ಅನ್ನೋ ಬಾಗಿಲಿಂದ.

ಈ ಬಾಗಿಲು ತೆರೆದ ಕಾಲಕ್ಕೆ ಸೇರಿದ ಒಂದು ಕಥೆ ಇದೆ. ಅಯೋವಾದ ಸೀಡರ್ ರ್‍ಯಾಪಿಡ್ಸ್‌ನಲ್ಲಿ ಕೇಟಿ ಬೆಕೆಟ್ ಅಂತ ಮೂರು ವರ್ಷದ ಹುಡುಗಿ. ಕೂಸಾಗಿದ್ದಾಗ ಮಿದುಳಿನ ಸೋಂಕು ಬಂದು ವೆಂಟಿಲೇಟರ್ ಮೇಲಿದ್ದಳು. ಆಸ್ಪತ್ರೆಯಲ್ಲಿದ್ದರೆ ಮೆಡಿಕೈಡ್ ಖರ್ಚು ಕೊಡುತ್ತೆ. ಮನೆಗೆ ಕರ್ಕೊಂಡು ಹೋದರೆ ಅಪ್ಪ ಅಮ್ಮನ ಆದಾಯ ಲೆಕ್ಕಕ್ಕೆ ಬಂದು ಮೆಡಿಕೈಡ್ ಹೋಗುತ್ತೆ. ಮನೆಯಲ್ಲಿ ನೋಡ್ಕೊಂಡರೆ ಖರ್ಚು ಕಡಿಮೆ, ಆದರೂ ನಿಯಮ ಬಿಡಲ್ಲ. 1981ರ ನವೆಂಬರ್‌ನಲ್ಲಿ ಅಧ್ಯಕ್ಷ ರೇಗನ್ ಪತ್ರಿಕಾಗೋಷ್ಠಿಯಲ್ಲೇ ಈ ವಿಷಯ ಎತ್ತಿದರು, ಹುಡುಗಿ ಮನೆಗೆ ಬಂದಳು. ಅದೇ ವರ್ಷದ ಕಾನೂನಿನಲ್ಲಿ ಬಂದ 1915(ಸಿ) ಅನ್ನೋ ಕಲಮು ಇವತ್ತಿನ ವೇಯ್ವರ್‌ಗಳ ತಾಯಿಬೇರು. ನರ್ಸಿಂಗ್ ಹೋಮ್‌ನಂಥ ದೀರ್ಘಕಾಲದ ಆರೈಕೆ ಕೇಂದ್ರಕ್ಕೆ ಸೇರಿಸಬೇಕಾದಷ್ಟು ಆರೈಕೆ ಬೇಕಿರೋರನ್ನ ಮನೆಯಲ್ಲೇ ನೋಡ್ಕೊಳ್ಳೋಕೆ ರಾಜ್ಯ ಖರ್ಚು ಮಾಡಬಹುದು ಅಂತ.

ನಮ್ಮವರಿಗೆ ಇಲ್ಲೊಂದು ಮಾತು. "ಮೆಡಿಕೈಡಾ? ಅದು ಬಡವರಿಗೆ ಅಲ್ವಾ, ನಮ್ಮೆಜಮಾನರು ಸಾಫ್ಟ್‌ವೇರ್" ಅಂತ ಎಷ್ಟೋ ಮನೆಯವರು ಅರ್ಜಿಯನ್ನೇ ಹಾಕಲ್ಲ. ಟೆಕ್ಸಾಸಿನ ಎಂ.ಡಿ.ಸಿ.ಪಿ., ಅಂದರೆ ಮೆಡಿಕಲಿ ಡಿಪೆಂಡೆಂಟ್ ಚಿಲ್ಡ್ರನ್ ಪ್ರೋಗ್ರಾಂ, ಇಂಥದೊಂದು ವೇಯ್ವರ್, 21 ವರ್ಷದ ಒಳಗಿನವರಿಗೆ. ಅದರಲ್ಲಿ ನೋಡೋದು ಮಗುವಿನ ಆದಾಯ, ಅಪ್ಪನ ಸಂಬಳ ಅಲ್ಲ. ಕ್ಯೂ ಉದ್ದ ಇದೆ. ಇಲ್ಲಿ ಅದಕ್ಕೆ ಇಂಟರೆಸ್ಟ್ ಲಿಸ್ಟ್ ಅಂತಾರೆ, ಕೆಲವು ವೇಯ್ವರ್‌ಗೆ ಹತ್ತು ವರ್ಷ ಮೀರಿ ಕಾಯ್ತಾರೆ. ಮನೆಯಲ್ಲಿ ಅಂಥ ಮಗು ಇದ್ದರೆ ವಿಡಿಯೋ ಇಲ್ಲೇ ನಿಲ್ಲಿಸಿ, ಹೆಸರು ಬರೆಸಿ ಬನ್ನಿ. ಬಿಸಿನೆಸ್ ಆಮೇಲೆ.

(ಫೈಲು ತೆರೆಯುತ್ತಾ)

ಸರಿ, ಕಾಗದ ಪತ್ರ. ಇದನ್ನ ಬೇಗ ಮುಗಿಸ್ತೀನಿ, ಯಾಕಂದರೆ ಇಂಟರ್ನೆಟ್ ತುಂಬ ಇದೇ ಇದೆ, ಜನ ಇದಕ್ಕೇ ಸಾವಿರಾರು ಡಾಲರ್ ಕನ್ಸಲ್ಟಂಟಿಗೆ ಕೊಟ್ಟು ಕೂತಿರ್ತಾರೆ. ಕಂಪನಿ ನೋಂದಣಿ. ತೆರಿಗೆ ಇಲಾಖೆಯಿಂದ ಕಂಪನಿಯನ್ನ ಗುರುತಿಸೋ ಇ.ಐ.ಎನ್. ನಂಬರ್, ಇದು ಪುಕ್ಕಟೆ. ಎನ್.ಪಿ.ಐ. ಅಂತ ಆರೋಗ್ಯ ಸೇವೆ ಕೊಡೋರನ್ನ ಗುರುತಿಸೋ ಹತ್ತು ಅಂಕಿಯ ನಂಬರ್, ಇದೂ ಪುಕ್ಕಟೆ. ಇದಕ್ಕೆ ದುಡ್ಡು ಕೇಳೋರು ಕೇಳ್ತಾರೆ, ಕೊಡಬೇಡಿ. ಆಮೇಲೆ ರಾಜ್ಯದ ಆರೋಗ್ಯ ಇಲಾಖೆಯಿಂದ ಏಜೆನ್ಸಿ ಲೈಸೆನ್ಸ್. ಸ್ನಾನ, ಬಟ್ಟೆ, ಊಟ ಮಾಡಿಸೋದು ಅಷ್ಟೇ ಆದರೆ ಪರ್ಸನಲ್ ಅಸಿಸ್ಟೆನ್ಸ್ ಸರ್ವಿಸಸ್ ಅನ್ನೋ ವರ್ಗ ಸಾಕು. ಕೊಳವೆ ಊಟ, ಔಷಧಿ, ಸಕ್ಷನ್ (ಕಫ ಹೀರಿ ತೆಗೆಯೋದು) ಇದೆಲ್ಲ ಇದ್ದರೆ ನರ್ಸ್ ಬೇಕಾಗಬಹುದು, ಲೈಸೆನ್ಸ್ ವರ್ಗವೂ ಬೇರೆ ಆಗಬಹುದು. ಮಕ್ಕಳ ವೇಯ್ವರ್ ಅಂದಮೇಲೆ ಎರಡನೇದು ಬೇಕಾಗೋದೇ ಜಾಸ್ತಿ. ಹಾಗಾಗಿ ಮೊದಲ ದಿನದಿಂದಲೇ ಒಬ್ಬ ಆರ್.ಎನ್., ಅಂದರೆ ರಿಜಿಸ್ಟರ್ಡ್ ನರ್ಸನ್ನ ಜೊತೆಗಿಟ್ಟುಕೊಂಡಿರಿ.

ಲೈಸೆನ್ಸ್ ಆದಮೇಲೆ ಮೆಡಿಕೈಡ್‌ಗೆ ಎನ್ರೋಲ್ಮೆಂಟ್. ಅದಾದಮೇಲೂ ಕೆಲಸ ಸಿಗಲ್ಲ! ಯಾಕಂದರೆ 2016ರಿಂದ ಈ ಮಕ್ಕಳ ಮೆಡಿಕೈಡನ್ನ ಸ್ಟಾರ್ ಕಿಡ್ಸ್ ಅನ್ನೋ ಯೋಜನೆಯಲ್ಲಿ ಖಾಸಗಿ ಇನ್ಶೂರೆನ್ಸ್ ಕಂಪನಿಗಳು ನಡೆಸ್ತಿವೆ. ಒಂದೊಂದು ಕಂಪನಿ ಜೊತೆಗೂ ಬೇರೆ ಬೇರೆ ಕಾಂಟ್ರಾಕ್ಟ್. ಈ ಮೂರು ಮೆಟ್ಟಿಲು ಹತ್ತೋಕೆ ತಿಂಗಳುಗಳೇ ಹಿಡಿಯುತ್ತೆ, ಅಷ್ಟೂ ದಿನ ಬಾಡಿಗೆ, ಇನ್ಶೂರೆನ್ಸ್ ನಿಮ್ಮ ಜೇಬಿಂದ.

ವೀಸಾ ಪ್ರಶ್ನೆ ಬಂದೇ ಬರುತ್ತೆ. ಎಚ್-1ಬಿ, ಅಂದರೆ ಕೆಲಸದ ವೀಸಾ ಇರೋರು ಷೇರು ಇಟ್ಟುಕೊಳ್ಳಬಹುದು, ಆದರೆ ಏಜೆನ್ಸಿಗೆ ಕೂತು ದುಡಿಯೋ ಹಾಗಿಲ್ಲ. ಅವರ ಗಂಡ ಅಥವಾ ಹೆಂಡತಿಗೆ ಸಿಗೋ ಎಚ್-4 ಜೊತೆಗೆ ಇ.ಎ.ಡಿ., ಅಂದರೆ ಕೆಲಸದ ಪರವಾನಗಿ ಇರೋರು ದುಡಿಯಬಹುದು. ಇನ್ನು ವಿಸಿಟರ್ ವೀಸಾದಲ್ಲಿ ಬಂದಿರೋ ಅತ್ತೆ ಮಾವನ್ನ "ಹೇಗೂ ಮನೇಲೇ ಇದ್ದಾರಲ್ಲ" ಅಂತ ಕೆಲಸಕ್ಕೆ ಹಾಕೋ ಐಡಿಯಾ ಕಾಮೆಂಟಲ್ಲಿ ಬರೆದವರು ದಯವಿಟ್ಟು ಮೊದಲು ವಕೀಲರನ್ನ ನೋಡಿ.

(ಪರದೆಯಲ್ಲಿ ದೊಡ್ಡದಾಗಿ: 15 ನಿಮಿಷ = 1 ಯೂನಿಟ್)

ಈಗ ನಿಜವಾದ ವಿಷಯಕ್ಕೆ ಬರೋಣ. ರೆಸ್ಪೈಟ್ ಬಿಲ್ಲಿಂಗಲ್ಲಿ ಓಡಾಡೋ ಕೋಡ್ ಟಿ1005. ಅದರ ಅರ್ಥ, ಹದಿನೈದು ನಿಮಿಷದವರೆಗಿನ ರೆಸ್ಪೈಟ್. ನೀವು ಮಾರೋದು ಗಂಟೆಯನ್ನೂ ಅಲ್ಲ, ಕಾಲು ಗಂಟೆಯನ್ನ. ಯಾವ ಮಗುಗೆ ಎಷ್ಟು ರೆಸ್ಪೈಟ್ ಅಂತ ಇನ್ಶೂರೆನ್ಸ್ ಕಂಪನಿಯ ಸರ್ವಿಸ್ ಕೋಆರ್ಡಿನೇಟರ್ ಮನೆಯವರ ಜೊತೆ ಕೂತು ವರ್ಷದ ಪ್ಲಾನ್ ಬರೀತಾರೆ. ಅದರಿಂದ ಒಂದು ಆಥರೈಸೇಷನ್, ಅಂದರೆ ಮಂಜೂರಾತಿ ಪತ್ರ ಹುಟ್ಟುತ್ತೆ. ಅದರಲ್ಲಿ ಶುರು ತಾರೀಖು, ಮುಗಿಯೋ ತಾರೀಖು, ಒಟ್ಟು ಯೂನಿಟ್ಟು ಇರುತ್ತೆ. ಆ ಕಾಗದ ಇಲ್ಲದೆ ಮಾಡಿದ ಕೆಲಸ ಧರ್ಮಕ್ಕೆ ಮಾಡಿದ ಹಾಗೆ.

ಇದನ್ನ ನಾನು ಓದಿ ಕಲಿತಿದ್ದಲ್ಲ. ಒಂದು ಮನೆಯ ಪ್ಲಾನ್ ತಿಂಗಳ ಕೊನೆಗೆ ಮುಗೀತಿತ್ತು. ಹೊಸದು ಬಂದೇ ಬರುತ್ತೆ ಅಂದ್ಕೊಂಡು ನಾನು ಮುಂದಿನ ವಾರಕ್ಕೂ ಶೆಡ್ಯೂಲ್ ಹಾಕಿದೆ. ಹೊಸದು ಬಂತು, ಆದರೆ ಶುರು ತಾರೀಖು ಒಂಬತ್ತು ದಿನ ಆಚೆಗೆ. ಅಷ್ಟರಲ್ಲಿ ನಾಲ್ಕು ನಾಲ್ಕು ಗಂಟೆಯ ಮೂರು ವಿಸಿಟ್ ಆಗಿಹೋಗಿತ್ತು. 48 ಯೂನಿಟ್. ಕೆಲಸದ ಹೆಂಗಸಿಗೆ ಸಂಬಳ ಕೊಡಲೇಬೇಕು, ಕೊಟ್ಟೆವು. ಮೆಡಿಕೈಡಿಂದ ಒಂದು ಸೆಂಟೂ ಬರಲಿಲ್ಲ. ಮನೆಯವರ ಹತ್ತಿರ ಕೇಳೋ ಹಾಗೂ ಇಲ್ಲ, ಮೆಡಿಕೈಡ್ ಕೊಟ್ಟಿದ್ದೇ ಪೂರ್ತಿ ಹಣ ಅಂತ ಒಪ್ಪಿಕೊಂಡೇ ನಾವು ಸೇರಿರ್ತೀವಿ. ತಪ್ಪು ನನ್ನದೇ. ಅವತ್ತಿಂದ ನನ್ನ ಕ್ಯಾಲೆಂಡರಲ್ಲಿ ಮುಗಿಯೋ ತಾರೀಖಿಗೆ ನಲವತ್ತೈದು ದಿನ ಮುಂಚೆ ಕೆಂಪು ಗುರುತು ಬಂತು.

ಇನ್ನೊಂದು, ಇ.ವಿ.ವಿ., ಅಂದರೆ ಎಲೆಕ್ಟ್ರಾನಿಕ್ ವಿಸಿಟ್ ವೆರಿಫಿಕೇಷನ್. 2016ರ ಟ್ವೆಂಟಿ ಫಸ್ಟ್ ಸೆಂಚುರಿ ಕ್ಯೂರ್ಸ್ ಆಕ್ಟ್ ತಂದ ವ್ಯವಸ್ಥೆ ಇದು. ಯಾರು, ಯಾರಿಗೆ, ಯಾವ ಸೇವೆ, ಯಾವ ದಿನ, ಎಲ್ಲಿ, ಎಷ್ಟು ಹೊತ್ತಿಂದ ಎಷ್ಟು ಹೊತ್ತಿನವರೆಗೆ, ಈ ಆರೂ ವಿದ್ಯುನ್ಮಾನವಾಗಿ ದಾಖಲಾಗಬೇಕು. ಕೆಲಸದವರು ಸಾಮಾನ್ಯವಾಗಿ ಮೊಬೈಲ್ ಆ್ಯಪಲ್ಲಿ ಕ್ಲಾಕ್ ಇನ್, ಕ್ಲಾಕ್ ಔಟ್ ಮಾಡ್ತಾರೆ. ಟೆಕ್ಸಾಸಲ್ಲಿ ಮನೆಯೊಳಗಿನ ರೆಸ್ಪೈಟಿಗೂ ಇದು ಕಡ್ಡಾಯ.

(ಬಿಳಿ ಹಲಗೆಯ ಮೇಲೆ ಬರೆಯುತ್ತಾ)

ನೋಡಿ. ಬೆಳಿಗ್ಗೆ 10:00ಕ್ಕೆ ಕ್ಲಾಕ್ ಇನ್. ಮಧ್ಯಾಹ್ನ 1:52ಕ್ಕೆ ಕ್ಲಾಕ್ ಔಟ್. ಮೂರು ಗಂಟೆ ಐವತ್ತೆರಡು ನಿಮಿಷ. ಮೂರೂ ಮುಕ್ಕಾಲು ಗಂಟೆಯ ಮೇಲೆ ಏಳು ನಿಮಿಷ. ಏಳು ನಿಮಿಷದವರೆಗೆ ಕೆಳಕ್ಕೆ ಇಳಿಸ್ತಾರೆ, ಎಂಟಾದರೆ ಮೇಲಕ್ಕೆ ಏರಿಸ್ತಾರೆ. ಹಾಗಾಗಿ 15 ಯೂನಿಟ್. 1:53ಕ್ಕೆ ಒತ್ತಿದ್ದರೆ 16. ಒಂದು ನಿಮಿಷಕ್ಕೆ ಒಂದು ಯೂನಿಟ್ ಹೋಯ್ತು. ಹಾಗಂತ ಬಾಗಿಲಲ್ಲಿ ನಿಂತು ಗಡಿಯಾರ ನೋಡ್ಕೊಂಡು ಇರಿ ಅಂತ ಕೆಲಸದವರಿಗೆ ಹೇಳಿಕೊಡಬೇಡಿ, ಅದೇ ನಾಳೆ ಆಡಿಟಲ್ಲಿ ಎದ್ದು ಕಾಣುತ್ತೆ. ಕ್ಲಾಕ್ ಔಟ್ ಮರೆತರೆ ಆಫೀಸಿಂದ ಕಾರಣ ಬರೆದು ಸರಿಮಾಡೋಕೆ ಅವಕಾಶ ಇದೆ. ಬಿಲ್ ಕಳಿಸೋಕೆ ಸೇವೆಯ ದಿನದಿಂದ 95 ದಿನ ಗಡುವು. ಇ.ವಿ.ವಿ. ದಾಖಲೆಗೂ ಬಿಲ್ಲಿಗೂ ತಾಳೆ ಆಗದಿದ್ದರೆ ಬಿಲ್ಲು ವಾಪಸ್.

ರೆಸ್ಪೈಟ್ ಯಾವುದು, ಯಾವುದು ಅಲ್ಲ ಅನ್ನೋದೂ ಗೊತ್ತಿರಬೇಕು. ಎಂ.ಡಿ.ಸಿ.ಪಿ.ಯಲ್ಲಿ ತಾಯಿ ಬಿಡುವು ತಗೊಳ್ಳೋಕೆ, ಬೇರೆ ಮಗು ಜೊತೆ ಶಾಲೆಗೆ ಹೋಗೋಕೆ, ಸುಮ್ಮನೆ ಮಲಗೋಕೆ ರೆಸ್ಪೈಟ್. ಅದೇ ತಾಯಿ ಆಫೀಸಿಗೋ ಕಾಲೇಜಿಗೋ ಹೋಗ್ತಾರೆ ಅಂದರೆ ಅದು ಫ್ಲೆಕ್ಸಿಬಲ್ ಫ್ಯಾಮಿಲಿ ಸಪೋರ್ಟ್ ಅನ್ನೋ ಬೇರೆ ಸೇವೆ. ಅದೇ ಮಗು, ಅದೇ ಕೆಲಸದವರು, ಅದೇ ಸೋಫಾ. ಬಿಲ್ಲಲ್ಲಿ ಮಾತ್ರ ಬೇರೆ. ನನಗೂ ಮೊದಮೊದಲು ಇದು ಹುಚ್ಚಾಟ ಅನ್ನಿಸ್ತಿತ್ತು.

ದುಡ್ಡಿನ ಮಾತು. ಇವು ನಾನೇ ಹಾಕಿಕೊಂಡಿರೋ ಅಂಕಿ, ನಿಜವಾದ ದರಕ್ಕೆ ಆಯಾ ಕಾಂಟ್ರಾಕ್ಟ್ ನೋಡಿ. ಗಂಟೆಗೆ 20 ಡಾಲರ್ ಬರುತ್ತೆ, ಕೆಲಸದವರಿಗೆ 14 ಕೊಡ್ತೀರ ಅಂದ್ಕೊಳ್ಳಿ. ಮಾಲೀಕರ ಪಾಲಿನ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ತೆರಿಗೆ ಶೇ. 7.65, ಅಂದರೆ 1 ಡಾಲರ್ 7 ಸೆಂಟ್. ಉಳೀತು 4 ಡಾಲರ್ 93 ಸೆಂಟ್. ಹತ್ತು ಮನೆ, ಒಂದೊಂದು ಮನೆಗೆ ವಾರಕ್ಕೆ ಎಂಟು ಗಂಟೆ, ಒಟ್ಟು 80 ಗಂಟೆ. ವಾರಕ್ಕೆ 394 ಡಾಲರ್. ಇದರಲ್ಲೇ ಇನ್ಶೂರೆನ್ಸ್, ನರ್ಸು, ಆಫೀಸು, ತರಬೇತಿ, ನಿಮ್ಮ ಸಂಬಳ. ಆಗಲ್ಲ. ನಲವತ್ತು ಮನೆ ದಾಟೋವರೆಗೆ ಇದು ಬಿಸಿನೆಸ್ ಅನ್ನಿಸಿಕೊಳ್ಳಲ್ಲ ಅನ್ನೋದು ನನ್ನ ಅಂದಾಜು. ಇನ್ನು ಸಂಬಳ ತಿಂಗಳಿಗೆ ಎರಡು ಸಲನಾದರೂ ಕೊಡಬೇಕು ಅಂತ ಟೆಕ್ಸಾಸ್ ಕಾನೂನು. ಆ ಹತ್ತೇ ಮನೆಗೆ ವಾರಕ್ಕೆ ಸುಮಾರು 1,200 ಡಾಲರ್ ಹೊರಗೆ ಹೋಗುತ್ತೆ. ಮೊದಲ ಬಿಲ್ಲು ಆರು ವಾರ ಸಿಕ್ಕಿಹಾಕಿಕೊಂಡರೆ 7,200. ಇಷ್ಟು ಕೈಯಲ್ಲಿಲ್ಲದೆ ಇಳಿದವರು ಮೊದಲು ಮಾಡೋದು ಸಂಬಳ ತಡ. ಸಂಬಳ ತಡವಾದರೆ ಕೆಲಸದವರು ಬೇರೆ ಏಜೆನ್ಸಿಗೆ ಹೋಗ್ತಾರೆ, ಅವರ ಹಿಂದೆಯೇ ಮನೆಯವರೂ ಹೋಗ್ತಾರೆ. ಯಾಕಂದರೆ ಅವರಿಗೆ ಬೇಕಿರೋದು ನಿಮ್ಮ ಏಜೆನ್ಸಿ ಅಲ್ಲ, ಮಗುಗೆ ಒಗ್ಗಿಹೋಗಿರೋ ಆ ಹೆಂಗಸು.

ಇದೇ ನೋಡಿ, ಯಾವ ಕನ್ಸಲ್ಟಂಟೂ ಹೇಳದ ಮಾತು. ಎಲ್ಲರೂ "ಕ್ಲೈಂಟ್ ಹೇಗೆ ಹಿಡಿಯೋದು" ಅಂತ ಕೇಳ್ತಾರೆ. ಕೈಯಲ್ಲಿ ಆಥರೈಸೇಷನ್ ಹಿಡ್ಕೊಂಡು, ಗಂಟೆಗಳು ವ್ಯರ್ಥವಾಗ್ತಾ ಕೂತಿರೋ ಮನೆಗಳನ್ನ ನಾನೇ ಎಷ್ಟೋ ನೋಡಿದ್ದೀನಿ. ಕಳಿಸೋಕೆ ಜನ ಇಲ್ಲ. ಶನಿವಾರ ನಾಲ್ಕೇ ಗಂಟೆ ಕೆಲಸ, ಮೂವತ್ತು ಮೈಲಿ ಡ್ರೈವು, ಫಿಟ್ಸ್ ಬರೋ ಮಗು, ಯಾರು ಬರ್ತಾರೆ? ಎಷ್ಟೋ ಮನೆಯವರು ಬೇಸತ್ತು ಕನ್ಸ್ಯೂಮರ್ ಡೈರೆಕ್ಟೆಡ್ ಅನ್ನೋ ದಾರಿ ಹಿಡಿದು, ತಾವೇ ಚಿಕ್ಕಮ್ಮನನ್ನೋ ಪಕ್ಕದ ಮನೆಯವರನ್ನೋ ಕೆಲಸಕ್ಕೆ ಇಟ್ಟುಕೊಳ್ತಾರೆ. ನಿಮ್ಮ ಪೈಪೋಟಿ ಆ ಚಿಕ್ಕಮ್ಮನ ಜೊತೆ.

ಅದಕ್ಕೆ ನನ್ನ ಕೇಳಿದರೆ, ಲೈಸೆನ್ಸ್ ಅರ್ಜಿಗಿಂತ ಮುಂಚೆ ಆರು ಜನರನ್ನ ಹುಡುಕಿ. ಚರ್ಚುಗಳಲ್ಲಿ, ಕಮ್ಯುನಿಟಿ ಕಾಲೇಜಿನ ನರ್ಸಿಂಗ್ ವಿದ್ಯಾರ್ಥಿಗಳಲ್ಲಿ, ವಿಶೇಷ ಶಿಕ್ಷಣದ ತರಗತಿಯಲ್ಲಿ ಸಹಾಯಕರಾಗಿರೋರಲ್ಲಿ ಕೇಳಿ. ನಮ್ಮ ಕನ್ನಡ ಕೂಟದಲ್ಲೂ ಕೇಳಿ, ಮಕ್ಕಳು ಕಾಲೇಜಿಗೆ ಹೋದ ಮೇಲೆ ಖಾಲಿ ಮನೆಯಲ್ಲಿರೋ ಅಮ್ಮಂದಿರು ಈ ಕೆಲಸ ಬಹಳ ಚೆನ್ನಾಗಿ ಮಾಡ್ತಾರೆ. ಯಾರನ್ನೇ ತಗೊಂಡರೂ ಕ್ರಿಮಿನಲ್ ಹಿನ್ನೆಲೆ, ರಾಜ್ಯದ ಎಂಪ್ಲಾಯೀ ಮಿಸ್ಕಂಡಕ್ಟ್ ರಿಜಿಸ್ಟ್ರಿ, ಕೇಂದ್ರದ ಎಕ್ಸ್‌ಕ್ಲೂಷನ್ ಪಟ್ಟಿ (ಸರ್ಕಾರಿ ಆರೋಗ್ಯ ಯೋಜನೆಗಳಿಂದ ಹೊರಗಿಟ್ಟವರ ಪಟ್ಟಿ), ಈ ಮೂರನ್ನೂ ನೋಡಿ. ಕೊನೆಯದನ್ನ ತಿಂಗಳು ತಿಂಗಳೂ ನೋಡಿ ಪ್ರಿಂಟ್ ಇಟ್ಟುಕೊಳ್ಳಿ. ಪಟ್ಟಿಯಲ್ಲಿರೋರಿಂದ ಮಾಡಿಸಿದ ಕೆಲಸದ ದುಡ್ಡು ವಾಪಸ್ ಕೊಡಬೇಕಾಗುತ್ತೆ, ಮೇಲೆ ದಂಡ. ಕ್ಲೈಂಟ್ ತಂದುಕೊಟ್ಟೋರಿಗೆ ಕಮಿಷನ್, ಮನೆಯವರಿಗೆ ಗಿಫ್ಟ್ ಕಾರ್ಡ್, ಇದೆಲ್ಲ ಕೇಂದ್ರದ ಕಾನೂನಿನ ಪ್ರಕಾರ ಅಪರಾಧ. ದೀಪಾವಳಿ ಡಬ್ಬಿ ಅಂತ ಕೂಡ ಶುರು ಮಾಡಬೇಡಿ.

(ಫೈಲು ಮುಚ್ಚಿ, ಕ್ಯಾಮೆರಾ ಕಡೆಗೆ)

ಒಂದು ಶನಿವಾರ ಹೊಸ ಕೆಲಸದವರನ್ನ ಪರಿಚಯ ಮಾಡಿಸೋಕೆ ನಾನೇ ಒಂದು ಮನೆಗೆ ಹೋಗಿದ್ದೆ. ಅವರು 10:04ಕ್ಕೆ ಕ್ಲಾಕ್ ಇನ್ ಮಾಡಿದರು. ತಾಯಿ ಕಾರ್ ಕೀ ತಗೊಂಡು ಹೊರಗೆ ಹೋದರು. ನಾನು ಇಪ್ಪತ್ತು ನಿಮಿಷ ಬಿಟ್ಟು ಹೊರಡೋವಾಗ ನೋಡ್ತೀನಿ, ಕಾರು ಇನ್ನೂ ಡ್ರೈವ್‌ವೇನಲ್ಲೇ ಇದೆ. ಕಿಟಕಿ ಹತ್ತಿರ ಹೋದೆ. ಗಾಜು ಇಳಿಸಿ ನಕ್ಕರು. "ಎಲ್ಲಿಗೆ ಹೋಗಬೇಕು ಅಂತ ಯೋಚನೆ ಮಾಡ್ತಿದ್ದೀನಿ" ಅಂದರು. ಅವರ ಹತ್ತಿರ ಇನ್ನೂ ಹದಿನಾಲ್ಕು ಯೂನಿಟ್ ಇತ್ತು.